ಗಿಣ್ಣಿನ ಡಬ್ಬಿ

ಸಾರಕ್ಕಿಯ ಕೆಂಪಕ್ಕ ಎರಡು ವಿಷಯದಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಒಂದು ಹಸು, ಇನ್ನೊಂದು ಚೀಸು. ಹಸುವಿನ ವಿಷಯ ಸರಿ, ಹುಟ್ಟಿದಾಗಿನಿಂದ ಕೊಟ್ಟಿಗೆಯಲ್ಲೇ ಓಡಾಡಿಕೊಂಡಿದ್ದವಳು. ಆದರೆ ಚೀಸಿನ ವಿಷಯಕ್ಕೆ ಜಯನಗರದ ಓದಿದ ಜನರ ಎದುರು ಸೊಂಟಕ್ಕೆ ಸೆರಗು ಸಿಕ್ಕಿಸಿ ವಾದಕ್ಕೆ ನಿಲ್ಲುತ್ತಿದ್ದಳಲ್ಲ, ಅದಕ್ಕೆ ಕಾರಣ ಬೇರೆ ಇತ್ತು. ಆ ಕಾರಣಕ್ಕೆ ಎರಡು ಜಡೆ, ಮುಂದಿನ ಒಂದು ಹಲ್ಲು ಅರ್ಧ ಮುರಿದಿತ್ತು, ಹೆಸರು ನೀಲಾಂಬಿಕೆ.

ಕೆಂಪಕ್ಕನ ಗಂಡ ಬೈರಣ್ಣನಿಗೆ ಸಾರಕ್ಕಿ ಕೆರೆಯ ಕೆಳಗೆ ಎರಡೆಕರೆ ರಾಗಿ ಹೊಲವಿತ್ತು. ಜೆ.ಪಿ. ನಗರ ಬರುತ್ತದೆ ಎಂದರು, ಬಂತು. ಹೊಲದಲ್ಲಿ ಸೈಟಿನ ಕಲ್ಲು ನೆಟ್ಟರು. ಉಳಿದದ್ದು ಊರೊಳಗಿನ ಹಂಚಿನ ಮನೆ, ಪಕ್ಕದ ಕೊಟ್ಟಿಗೆ, ಮೂರು ಹಸು. ಬೈರಣ್ಣ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಸೇರಿಕೊಂಡ. ಕೆಂಪಕ್ಕ ಹಾಲಿನ ಕ್ಯಾನು ಹೊತ್ತು ಜಯನಗರದ ಮನೆಮನೆಗೂ ನಡೆದಳು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ಸಪ್ಪಲಮ್ಮನಿಗೆ ಹರಕೆ ಹೊತ್ತದ್ದಾಯಿತು, ಆಸ್ಪತ್ರೆಗೆ ಅಲೆದದ್ದಾಯಿತು. ಕೊನೆಗೆ ಆ ಮಾತು ಎತ್ತುವುದನ್ನೇ ಇಬ್ಬರೂ ಬಿಟ್ಟರು. ಮಾತು ಬಿಟ್ಟಷ್ಟು ಸುಲಭಕ್ಕೆ ಆಸೆ ಬಿಡುವುದಿಲ್ಲ.

ಎಪ್ಪತ್ತಮೂರನೇ ಇಸವಿಯಲ್ಲಿ ಏಳನೇ ಬ್ಲಾಕಿನ ಒಂದು ಬಾಡಿಗೆ ಮನೆಗೆ ಜಯದೇವಪ್ಪನವರ ಸಂಸಾರ ಬಂತು. ಅವರು ಸರ್ಕಾರಿ ನೌಕರರು, ಹೆಂಡತಿ ಸೀತಮ್ಮ ಶಾಲೆಯ ಮೇಡಂ. ಒಬ್ಬಳೇ ಮಗಳು ನೀಲಾಂಬಿಕೆ, ಒಂಬತ್ತು ವರ್ಷದವಳು. ಅವಳ ಶಾಲೆ ಬೇಗ ಬಿಡುತ್ತಿತ್ತು, ತಾಯಿಯ ಶಾಲೆ ತಡವಾಗಿ. ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಹುಡುಗಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಕೆಂಪಕ್ಕ ಮಧ್ಯಾಹ್ನದ ಹಾಲು ಹಾಕುವ ದಾರಿಯನ್ನೇ ಬದಲಾಯಿಸಿ ಆ ಮನೆಯನ್ನು ಕೊನೆಗೆ ಇಟ್ಟುಕೊಂಡಳು. ಕೊನೆಯ ಮನೆಯಾದರೆ ಸ್ವಲ್ಪ ಹೊತ್ತು ಕೂರಬಹುದಲ್ಲ.

“ಕೆಂಪಕ್ಕಾ, ನೀನು ನಾಳೇನೂ ಕೂತ್ಕೋತೀಯಾ?” ಎಂದು ನೀಲು ಕೇಳುವುದನ್ನು ಒಂದು ದಿನ ಸೀತಮ್ಮ ಮೇಡಂ ಕೇಳಿಸಿಕೊಂಡರು.

“ದೊಡ್ಡವರಿಗೆ ನೀವು ಅನ್ಬೇಕು ನೀಲು.”

“ನೀನು ಅಂತ್ಲೇ ಅನ್ಲಿ ಬುಡಿ ಮೇಡಂ,” ಎಂದಳು ಕೆಂಪಕ್ಕ. “ನೀವು ಅಂದ್ರೆ ದೂರ ಆಯ್ತದೆ.”

ಮೇಡಂ ನಕ್ಕುಬಿಟ್ಟರು. ಅಂದಿನಿಂದ ಆ ‘ನೀನು’ ಕೆಂಪಕ್ಕನ ಸ್ವಂತ ಆಸ್ತಿಯಾಯಿತು.

ಚೀಸಿನ ಕಥೆ ಶುರುವಾದದ್ದು ಒಂದು ಇಲಿಯಿಂದ. ನೀಲುವಿನ ಇಂಗ್ಲಿಷ್ ಚಿತ್ರದ ಪುಸ್ತಕದಲ್ಲಿ ಅಂಗಿ ತೊಟ್ಟ ಇಲಿಯೊಂದು ಹಳದಿ ಗಡ್ಡೆಯ ಮೇಲೆ ಕೂತಿತ್ತು. ಗಡ್ಡೆಯ ತುಂಬ ತೂತು.

“ಅದೇನದು ಇಲಿ ಕುಂತಿರೋದು? ಸೋಪಾ?” ಎಂದಳು ಕೆಂಪಕ್ಕ.

“ಚೀಸ್ ಅಂತೆ. ನಾನೂ ತಿಂದಿಲ್ಲ.” ನೀಲು ಒಳಗೆ ಹೋಗಿ ಅಪ್ಪನ ಅಂಗೈಯಗಲದ ನಿಘಂಟು ತಂದು, ಬೆರಳಿಟ್ಟು ಓದಿದಳು. “ಚೀಸ್ ಅಂದ್ರೆ... ಗಿಣ್ಣು. ಗಿಣ್ಣು ಅಂದ್ರೇನು ಕೆಂಪಕ್ಕ?”

ಕೆಂಪಕ್ಕನಿಗೆ ನಗು ತಡೆಯಲಾಗಲಿಲ್ಲ. “ಅಯ್ ನನ್ ಶಿವನೇ! ಇಷ್ಟೇನಾ? ಇಂಗ್ಲಿಸ್ನೋರ ಇಲಿ ತಿನ್ನೋದು ನಮ್ಮನೆ ಗಿಣ್ಣಾ? ನಮ್ ಹಸ ಕೆಂದಿಗೆ ದಿನ ತುಂಬ್ತಾ ಐತೆ, ತಂದ್ಕೊಡ್ತೀನಿ ಇರು.”

ಹಸು ಈದ ಮೊದಲೆರಡು ಮೂರು ದಿನ ಬರುವ ಗಟ್ಟಿ ಹಳದಿ ಹಾಲನ್ನು ಹಬೆಯಲ್ಲಿ ಬೇಯಿಸಿದರೆ ತಾನಾಗಿ ಹೆಪ್ಪುಗಟ್ಟಿ ಗಿಣ್ಣಾಗುತ್ತದೆ, ಇದು ಎಲ್ಲರಿಗೂ ಗೊತ್ತು. ಕೆಂಪಕ್ಕನ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಗಿಣ್ಣಿಗೊಂದು ಕಟ್ಟುನಿಟ್ಟಿತ್ತು. ಅದನ್ನು ಮಾರುವ ಹಾಗಿಲ್ಲ, ಬಾಯಿಬಿಟ್ಟು ಕೇಳುವ ಹಾಗೂ ಇಲ್ಲ, ಕೊಟ್ಟರೆ ತಿನ್ನಬೇಕು. ಪಾಲು ಹಾಕುವಾಗ “ಯಾವ ಮನೆಗೆ?” ಎಂದು ಒಬ್ಬರು ಕೇಳಬೇಕು, ಮನೆಯ ಹೆಸರು ಹೇಳಿಯೇ ಸೌಟು ಬಗ್ಗಿಸಬೇಕು. ದೃಷ್ಟಿಯಾಗದಿರಲೆಂದು ಮೇಲೊಂದು ಒಣಮೆಣಸಿನಕಾಯಿ ಇಡಬೇಕು. ಪಾತ್ರೆ ವಾಪಸ್ ಬರುವಾಗ ಬರಿದಾಗಿ ಬರಬಾರದು, ಒಂದು ಚೂರು ಬೆಲ್ಲವಾದರೂ ಅದರಲ್ಲಿರಬೇಕು. ಬರಿದು ಪಾತ್ರೆ ಬಂದರೆ ಆ ಮನೆಗೂ ಈ ಮನೆಗೂ ಋಣ ಹರಿಯಿತು ಎಂದು ಅತ್ತೆ ಹೇಳುತ್ತಿದ್ದಳು.

ಕೆಂದಿ ಈದ ದಿನ ಬೈರಣ್ಣ ಗಿಣ್ಣುಹಾಲಿನ ಮುಂದೆ ಸೌಟು ಹಿಡಿದು ಕೂತ. “ಯಾವ ಮನೆಗೆ?” ಎನ್ನುತ್ತ ಒಂದೊಂದೇ ಪಾತ್ರೆಗೆ ಹಾಕಿದ. ಸ್ಟೀಲಿನ ಮುಚ್ಚಳದ ಡಬ್ಬಿಯೊಂದನ್ನು ಕೆಂಪಕ್ಕ ಮುಂದೆ ಹಿಡಿದಳು. “ಏಳನೇ ಬ್ಲಾಕು ನೀಲು ಮನೆಗೆ.”

“ಜಯದೇವಪ್ಪೋರ ಮನೆಗೆ ಅನ್ನು.”

“ನೀಲು ಮನೆಗೆ,” ಎಂದಳು ಮತ್ತೆ.

ಬೈರಣ್ಣ ಹಾಕಿದ. “ಹೆತ್ತೋರ್ಗೆ ಹೆಗ್ಗಣ ಮುದ್ದು ಅಂತಾರೆ. ನಿಂಗೆ ಹೆರದೇನೇ ಮುದ್ದು,” ಎಂದ. ತಮಾಷೆಗೆ ಅಂದದ್ದೇ. ಅಂದ ಮೇಲೆ ತಾನೇ ಮುಖ ತಗ್ಗಿಸಿದ.

ಬೆಲ್ಲ ಹಾಕಿದರೆ ಬಣ್ಣ ಕಂದಾಗುತ್ತದೆ, ಚಿತ್ರದಲ್ಲಿ ಇದ್ದದ್ದು ಹಳದಿ. ಅದಕ್ಕೆ ಆ ಡಬ್ಬಿಗೆ ಮಾತ್ರ ಕೆಂಪಕ್ಕ ಚಿಟಿಕೆ ಉಪ್ಪು ಹಾಕಿ ಬೇಯಲು ಇಟ್ಟಳು. ಹಾಲಿನ ಹೊತ್ತು ಮೀರುತ್ತಿತ್ತು. ಅವಸರಕ್ಕೆ ಒಲೆಗೆ ಇನ್ನೆರಡು ಸೌದೆ ತುರುಕಿದಳು. ಉರಿ ಹೆಚ್ಚಾದರೆ ಗಿಣ್ಣು ತೂತು ಬೀಳುತ್ತದೆ, ಅದು ಮಾಡಿದವಳ ಕೈಗೆ ಅವಮಾನ. ಮುಚ್ಚಳ ತೆಗೆದಾಗ ಜರಡಿಯ ಹಾಗೆ ತೂತು ಬಿದ್ದಿತ್ತು. ಅತ್ತೆ ಬದುಕಿದ್ದರೆ ಆ ಸೌದೆಯಲ್ಲೇ ಮಂಗಳಾರತಿ ಆಗುತ್ತಿತ್ತು. ನಾಚಿಕೆಯಲ್ಲೇ ಮೆಣಸಿನಕಾಯಿ ಇಟ್ಟು ಮುಚ್ಚಿ ತೆಗೆದುಕೊಂಡು ಹೋದಳು.

ನೀಲು ಮುಚ್ಚಳ ತೆರೆದವಳೇ ಕುಣಿದಾಡಿಬಿಟ್ಟಳು. “ಹಳದಿ! ತೂತು! ಚೀಸೇ ಕೆಂಪಕ್ಕ, ನಿಜವಾದ ಚೀಸೇ!”

ಪುಸ್ತಕದ ಇಲಿಯ ಪಕ್ಕದಲ್ಲಿ ಒಂದು ಬ್ರೆಡ್ಡೂ ಇತ್ತು. ಮನೆಯಲ್ಲಿ ಬ್ರೆಡ್ಡಿತ್ತು, ಬೆಣ್ಣೆಯಿತ್ತು. ಕೆಂಪಕ್ಕ ಕಾವಲಿಗೆ ಬೆಣ್ಣೆ ಸವರಿ ಬ್ರೆಡ್ಡು ಕಾಯಿಸುವಷ್ಟರಲ್ಲಿ ನೀಲು ಗಿಣ್ಣನ್ನು ಬಿಲ್ಲೆ ಕತ್ತರಿಸಿ, ಮೇಲಿದ್ದ ಮೆಣಸಿನಕಾಯಿಯನ್ನು ಕೈಯಲ್ಲೇ ಪುಡಿ ಮಾಡಿ ಉದುರಿಸಿ, ಎರಡು ಬ್ರೆಡ್ಡಿನ ನಡುವೆ ಇಟ್ಟು ಕಚ್ಚಿಯೇಬಿಟ್ಟಿದ್ದಳು.

“ಅಯ್ಯೋ ಮಗಾ, ಅದು ತಿನ್ನೋದಲ್ಲ! ದೃಷ್ಟಿಗಿಟ್ಟಿದ್ದು!”

ನೀಲುವಿನ ಕಣ್ಣಲ್ಲಿ ಮೂಗಲ್ಲಿ ನೀರು. ಬಾಯಿ ಮಾತ್ರ ನಿಲ್ಲಲಿಲ್ಲ. “ಸಖತ್ತಾಗಿದೆ! ನೀನೂ ತಿನ್ನು.”

ಕೆಂಪಕ್ಕ ತಿಂದಳು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಉಪ್ಪು, ಆಮೇಲೆ ತಡವಾಗಿ ಏರುವ ಖಾರ. ದೃಷ್ಟಿಯನ್ನೇ ಅಗಿದು ನುಂಗಿದ ಹಾಗಾಯಿತು ಅನ್ನಿಸಿ ಸಪ್ಪಲಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದಳು. ಮುಂದೆ ಜಯನಗರದಲ್ಲಿ ಹೆಸರು ಮಾಡಿದ ಚೀಸ್ ಟೋಸ್ಟು ಹುಟ್ಟಿದ್ದು ಹೀಗೆ, ಒಂದು ನಿಘಂಟು, ಜಾಸ್ತಿಯಾದ ಉರಿ, ತಿನ್ನಬಾರದ ಮೆಣಸಿನಕಾಯಿ ಸೇರಿ.

ತಿಂದಾದ ಮೇಲೆ ನೀಲು ಡಬ್ಬಿಯನ್ನು ತಿರುಗಿಸಿ ನೋಡಿದಳು. ಪಾತ್ರೆ ಅಂಗಡಿಯವನು ಹೆಸರು ಕೊರೆದುಕೊಟ್ಟಿದ್ದ. “ಕೆಂಪಕ ಅಂತ ಬರ್ದಿದಾರೆ. ಒತ್ತೇ ಇಲ್ಲ!” ಓದು ಬಾರದ ಕೆಂಪಕ್ಕ ಆರು ವರ್ಷದಿಂದ ಆ ಡಬ್ಬಿಯನ್ನು ಹೆಮ್ಮೆಯಿಂದ ಬಳಸುತ್ತಿದ್ದಳು. ನೀಲು ಜಾಮಿಟ್ರಿ ಬಾಕ್ಸಿನ ಕೈವಾರ ತಂದು, ನಾಲಿಗೆ ಹೊರಗೆ ಹಾಕಿಕೊಂಡು, ಅದರ ಮೊನೆಯಿಂದ ಸೊಟ್ಟದಾಗಿ ಒಂದು ಕ ಒತ್ತು ಗೀರಿದಳು. ಮರುದಿನ ಡಬ್ಬಿ ವಾಪಸ್ ಕೊಡುವಾಗ ಒಳಗೆ ಎರಡು ಪೆಪ್ಪರ್‌ಮಿಂಟು ಇತ್ತು. ಖಾಲಿ ಕೊಡಬಾರದೆಂಬ ಮಾತನ್ನು ಅವಳು ಒಂದೇ ಸಲಕ್ಕೆ ಕಲಿತಿದ್ದಳು.

ಮೂರು ವರ್ಷ ಹೀಗೇ ನಡೆಯಿತು. ಮೂರು ಹಸುವಿನಲ್ಲಿ ಯಾವುದು ಈದರೂ ಡಬ್ಬಿ ಏಳನೇ ಬ್ಲಾಕಿಗೆ ಹೋಗುತ್ತಿತ್ತು. ಹುಣಿಸೆಹಣ್ಣೋ, ಅರ್ಧ ಪೆನ್ಸಿಲ್ಲೋ, ಕರುವಿಗೆ ಇಡಬೇಕಾದ ಹೆಸರು ಬರೆದ ಚೀಟಿಯೋ ಹೊತ್ತು ಬರುತ್ತಿತ್ತು.

ಎಪ್ಪತ್ತಾರರ ಬೇಸಿಗೆಯಲ್ಲಿ ಜಯದೇವಪ್ಪನವರಿಗೆ ಬೀದರಿಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸುವ ಹಿಂದಿನ ದಿನವೇ ಕೆಂದಿ ಈದಿತ್ತು. ದಾರಿಗೆ ಇರಲಿ ಎಂದು ಕೆಂಪಕ್ಕ ಡಬ್ಬಿ ತುಂಬ ಗಿಣ್ಣು ತಂದುಕೊಟ್ಟಳು.

“ಡಬ್ಬಿ ಯಾವಾಗ ಕೊಡ್ಲಿ?” ಎಂದಳು ನೀಲು.

“ಬಂದಾಗ ಕೊಡು.”

“ಯಾವಾಗ ಬರ್ತೀನಿ?”

ಅದನ್ನು ಹನ್ನೆರಡು ವರ್ಷದ ಹುಡುಗಿ ಹಾಲಿನವಳನ್ನು ಕೇಳಿದರೆ ಅವಳೇನು ಹೇಳಬೇಕು? “ಖಾಲಿ ತರಬ್ಯಾಡ, ಅಷ್ಟೇಯ,” ಎಂದು ಅವಳ ಜಡೆ ನೇವರಿಸಿ ಕ್ಯಾನು ಎತ್ತಿಕೊಂಡಳು. ಆ ಬೀದಿಯ ಕೊನೆಯವರೆಗೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಲಾರಿಯ ಹಿಂದೆ ಓಡುತ್ತಿದ್ದಳೋ ಏನೋ.

ಒಂದು ಕಾರ್ಡು ಬಂತು. ಬೋರ್ಡು ಬರೆಯುವ ಪೈಂಟರ್ ಚಲುವರಾಜು ಓದಿ ಹೇಳಿದ: ಡಬ್ಬಿ ಜೋಪಾನವಾಗಿದೆ, ಇಲ್ಲಿ ಬಹಳ ಬಿಸಿಲು. ಆಮೇಲೆ ಕಾರ್ಡು ಬರಲಿಲ್ಲ. ಕೆಂಪಕ್ಕ ಬರೆಸಿದ ಕಾಗದ ವಿಳಾಸದಾರರು ಇಲ್ಲವೆಂದು ತಿರುಗಿ ಬಂತು. ನೌಕರಿಯ ಜನ, ಇನ್ನೊಂದು ಊರಿಗೆ ವರ್ಗವಾಗಿರಬೇಕು.

“ಆ ಡಬ್ಬಿ ಹೋಯ್ತು ಬುಡು,” ಎಂದ ಬೈರಣ್ಣ.

“ಗಿಣ್ಣಿನ ಡಬ್ಬಿ ಎಲ್ಲಿಗೋಯ್ತದೆ? ಬತ್ತದೆ.”

ಹಸು ಈದಾಗಲೆಲ್ಲ ಅವಳು ಒಂದು ಲೋಟ ಹೆಚ್ಚಿಗೆ ಇಡತೊಡಗಿದಳು. ಬೈರಣ್ಣ ಸೌಟು ಹಿಡಿದು “ಯಾವ ಮನೆಗೆ?” ಎಂದು ಕೇಳಿದರೆ ಉತ್ತರವಿಲ್ಲ. ನೀಲುವಿನ ಮನೆ ಯಾವ ಊರಲ್ಲಿದೆಯೋ ಗೊತ್ತಿಲ್ಲದೆ ಹೆಸರು ಹೇಳುವುದು ಹೇಗೆ? ಅವನೂ ಮತ್ತೆ ಕೇಳದೆ ಹಾಕುತ್ತಿದ್ದ. ಹೆಸರಿಲ್ಲದ ಆ ಪಾಲು ಸಂಜೆಗೆ ಸಪ್ಪಲಮ್ಮನ ಗುಡಿಗೆ ಹೋಗುತ್ತಿತ್ತು.

ಹಾಲಿನ ಬೂತುಗಳು ಬಂದವು, ಮನೆಗಳು ಒಂದೊಂದಾಗಿ ಕೈಬಿಟ್ಟವು. ಎಪ್ಪತ್ತೊಂಬತ್ತರಲ್ಲಿ ಕೆಂಪಕ್ಕ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ ತಳ್ಳುಗಾಡಿ ಇಟ್ಟಳು. ಬಜ್ಜಿ ಬೋಂಡ ಹಾಕು ಎಂದು ಎಲ್ಲರೂ ಹೇಳಿದರು. ಅವಳು ಬ್ರೆಡ್ಡು, ಬೆಣ್ಣೆ, ಕಾವಲಿ ತಂದಳು. ಹಾಲಿಗೆ ನಿಂಬೆಹಣ್ಣು ಹಿಂಡಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರಿ, ಬಿಲ್ಲೆ ಮಾಡಿ, ಚಿಟಿಕೆ ಅರಿಶಿನ, ಮೇಲೆ ಪುಡಿ ಮಾಡಿದ ಒಣಮೆಣಸಿನಕಾಯಿ. ಚಲುವರಾಜು ಕೆಂಪಕ್ಷರದಲ್ಲಿ ಬೋರ್ಡು ಬರೆದುಕೊಟ್ಟ: ಕೆಂಪಕ್ಕನ ಚೀಸ್ ಟೋಸ್ಟ್. ಒತ್ತು ದೊಡ್ಡದಾಗಿ ಬರೆ ಎಂದು ಅವಳು ಎದುರೇ ನಿಂತು ಬರೆಸಿದಳು. ಜಯನಗರಕ್ಕೆ ಯಾರೇ ಬಂದರೂ ಒಂದು ಸಲ ಕಾಂಪ್ಲೆಕ್ಸಿಗೆ ಬರಲೇಬೇಕು. ಬಂದವಳಿಗೆ ಓದಲು ಬರುತ್ತದೆ. ಗಾಡಿ ಹಾಕಿದ್ದು ಹೊಟ್ಟೆಪಾಡಿಗೆ, ಬೋರ್ಡು ಹಾಕಿದ್ದು ಮಾತ್ರ ನೀಲುವಿಗೆ.

ಒಮ್ಮೆ ಇಸ್ತ್ರಿ ಷರಟಿನ ಹಿರಿಯರೊಬ್ಬರು ಅರ್ಧ ತಿಂದು ತಲೆಯಾಡಿಸಿದರು. “ಇದು ಚೀಸ್ ಅಲ್ಲಮ್ಮಾ. ಚೀಸ್ ಡಬ್ಬದಲ್ಲಿ ಬರುತ್ತೆ.”

“ಅದು ಅಂಗಡಿ ಚೀಸು ಸಾರ್. ಚೀಸು ಅಂದ್ರೆ ಗಿಣ್ಣು ಅಂತ ಪುಸ್ತಕದಾಗೆ ಬರ್ದೈತೆ. ನಮ್ಮ ಹುಡುಗಿ ಓದವ್ಳೆ.”

“ಹಾಗಾದ್ರೆ ಇದು ಗಿಣ್ಣಾ?”

ಕೆಂಪಕ್ಕನಿಗೆ ಸುಳ್ಳು ಹೇಳಿ ಗೊತ್ತಿಲ್ಲ. “ಇದೂ ಅಲ್ಲ. ಗಿಣ್ಣು ಮಾರೋ ಹಂಗಿಲ್ಲ. ಹಸ ಈದಾಗ ಬನ್ನಿ, ಪುಕ್ಕಟೆ ತಿನ್ನಿ. ಆಮ್ಯಾಕೆ ಹೇಳಿ.”

ಅವರು ನಿಜವಾಗಿಯೂ ಬಂದರು. ಜೊತೆಗೆ ನಾಲ್ಕು ಜನರನ್ನು ಕರೆತಂದರು. ಹೀಗೆ ಅದೊಂದು ಹಬ್ಬವೇ ಆಗಿಹೋಯಿತು. ಹಸು ಈದ ಮರುದಿನ ಬೋರ್ಡಿನ ಕೆಳಗೆ ಚಲುವರಾಜು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ: ‘ಕೆಂದಿ ಈದಿದೆ, ಹೆಣ್ಣು ಕರು.’ ಅಷ್ಟು ಸಾಕು. ಮುಗಿಯುವವರೆಗೆ ಒಂದೊಂದು ಬಿಲ್ಲೆ ಟೋಸ್ಟು ಎಲ್ಲರಿಗೂ. ಬರಿಗೈಲಿ ಬರಬಾರದೆಂದು ಯಾರು ಹೇಳಿಕೊಟ್ಟರೋ, ಕಾಲೇಜು ಹುಡುಗಿಯರು ಹಾಸ್ಟೆಲಿನ ಬಾಳೆಹಣ್ಣು ತರುತ್ತಿದ್ದರು, ಕಂಡಕ್ಟರ್ ಒಬ್ಬ ಅರೆಕೆರೆಯಿಂದ ಬಸ್ಸಿನಲ್ಲೇ ಒಂದು ಹೊರೆ ಹಸಿಹುಲ್ಲು ಹಾಕಿಕೊಂಡು ಬಂದಿದ್ದ. “ಯಾವ ಮನೆ?” ಎಂದು ಕೆಂಪಕ್ಕ ಒಬ್ಬೊಬ್ಬರನ್ನೂ ಕೇಳುವಳು. “ಐದನೇ ಬ್ಲಾಕು ಮೂಲೆ ಮನೆ!” “ಹಾಸ್ಟೆಲ್ ಮನೆ!” “ಹದಿನೆಂಟನೇ ನಂಬರ್ ಬಸ್ ಮನೆ!” ಬೀದಿಯೆಲ್ಲ ನಗುತ್ತಿತ್ತು.

ಕೆಂಪಕ್ಕನೂ ನಗುತ್ತಿದ್ದಳು. ನಗುತ್ತಲೇ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸುತ್ತಿದ್ದಳು. ಈಗ ಅವಳಿಗೆ ಹದಿನೆಂಟು, ಈಗ ಇಪ್ಪತ್ತು ಎಂದು ಬುದ್ಧಿಗೆ ಗೊತ್ತಿತ್ತು. ಕಣ್ಣು ಮಾತ್ರ ಎರಡು ಜಡೆಯ, ಹಲ್ಲು ಮುರಿದ ಹುಡುಗಿಯನ್ನೇ ಹುಡುಕುತ್ತಿತ್ತು.

ಹಬ್ಬ ಎಂಟು ವರ್ಷ ನಡೆದು ನಿಂತಿತು. ಸುತ್ತ ಮಹಡಿ ಮನೆಗಳೆದ್ದವು, ಮೇಯಿಸಲು ಒಂದು ಗೇಣು ಹುಲ್ಲಿಲ್ಲ, ಸಗಣಿ ವಾಸನೆ ಎಂದು ಹೊಸಬರ ತಕರಾರು, ಬೈರಣ್ಣನಿಗೆ ಮಂಡಿ ನೋವು. ಕೆಂದಿ ಮುದಿಯಾಗಿ ಸತ್ತಿತ್ತು. ಕೊನೆಗೆ ಉಳಿದದ್ದು ಅದರ ಮೊಮ್ಮಗಳು ಬೆಳ್ಳಿ ಒಂದೇ. ಎಂಬತ್ತೇಳರ ಆಷಾಢದಲ್ಲಿ, ಐದು ತಿಂಗಳ ಗಬ್ಬದ ಹಸುವನ್ನು ವಸಂತಪುರದ ತಿಮ್ಮರಾಯಪ್ಪನಿಗೆ ಕೊಟ್ಟರು. ಅಲ್ಲಿ ಇನ್ನೂ ಹೊಲವಿತ್ತು, ಹುಲ್ಲಿತ್ತು. ಮಾರಿದ ಹಸುವಿನ ಮುಖ ನೋಡಲು ಹೋಗಬಾರದು, ಹೋದರೆ ಅದೂ ಹುಲ್ಲು ಬಿಡುತ್ತದೆ, ನಾವೂ ಅನ್ನ ಬಿಡುತ್ತೇವೆ ಎಂದು ಬೈರಣ್ಣ ಹೇಳಿದ. ಕೆಂಪಕ್ಕ ಹೋಗಲಿಲ್ಲ. ಖಾಲಿ ಕೊಟ್ಟಿಗೆಯನ್ನು ಮಾತ್ರ ದಿನಾ ಗುಡಿಸುತ್ತಿದ್ದಳು.

ಆ ವರ್ಷದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಹತ್ತಿ ಸೀರೆಯುಟ್ಟ ಹೆಣ್ಣುಮಗಳೊಬ್ಬಳು ಗಾಡಿಯೆದುರು ನಿಂತು ಬೋರ್ಡನ್ನೇ ನೋಡುತ್ತಿದ್ದಳು. ಒಂದು ಟೋಸ್ಟು ಕೊಡಲೇ ಎಂದು ಕೇಳುವಷ್ಟರಲ್ಲಿ ಅವಳು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಗಾಡಿಯ ಮೇಲಿಟ್ಟಳು. ಸೊಟ್ಟ ಒತ್ತು ಮೇಲಕ್ಕೆ ಕಾಣುವ ಹಾಗೆ.

ಕೆಂಪಕ್ಕನ ಕೈಯಲ್ಲಿದ್ದ ಮಗುಚುವ ಕೈ ಹಾಗೇ ನಿಂತಿತು. ಕಾವಲಿಯ ಮೇಲಿನ ಬ್ರೆಡ್ಡು ಕಪ್ಪಾಗಿ ಹೊಗೆಯೆದ್ದಿತು.

“ಹೇಗಿದೀರಾ ಕೆಂಪಕ್ಕ?” ಎಂದಳು ನೀಲು.

ಹನ್ನೊಂದು ವರ್ಷ ಕಾದದ್ದು ಈ ಕ್ಷಣಕ್ಕೆ. ಆದರೆ ಕೆಂಪಕ್ಕನ ಕಿವಿಗೆ ಬಿದ್ದದ್ದು ಆ ‘ಹೇಗಿದೀರಾ’ ಒಂದೇ. ದೊಡ್ಡವಳಾಗಿದ್ದಾಳೆ, ಮರ್ಯಾದೆ ಕಲಿತಿದ್ದಾಳೆ, ತಪ್ಪೇನಿಲ್ಲ. ಡಬ್ಬಿಯ ಮುಚ್ಚಳ ತೆರೆದಳು. ಒಳಗೆ ಏನೂ ಇರಲಿಲ್ಲ. ಹುಣಿಸೆಹಣ್ಣು ಹಾಕಿ ಉಜ್ಜಿ ಥಳಥಳ ಹೊಳೆಯುತ್ತಿತ್ತು. ಅತ್ತೆ ಹೇಳುತ್ತಿದ್ದ ಋಣದ ಮಾತು ನೆನಪಾಯಿತು. ಬರಿದು ಡಬ್ಬಿ.

ನೀಲು ಅವಳ ಮುಖ ಗಮನಿಸಿರಬೇಕು. “ಖಾಲಿ ಇದೆ ಅಂತ ತಪ್ಪು ತಿಳ್ಕೋಬೇಡಿ. ವಾಪಸ್ ಕೊಡೋಕೆ ತಂದಿಲ್ಲ ನಾನು. ತುಂಬಿಸ್ಕೊಂಡು ಹೋಗೋಕೆ ತಂದಿದೀನಿ. ಬ್ಯಾಂಕ್ ಕೆಲಸದ ಇಂಟರ್‌ವ್ಯೂಗೆ ಬಂದಿದ್ದೆ, ನಾಳೆ ಸಾಯಂಕಾಲ ಟ್ರೈನು. ಎಷ್ಟು ಊರು ಸುತ್ತಿದ್ವಿ ಕೆಂಪಕ್ಕ, ಎಲ್ಲೂ ಆ ರುಚಿ ಸಿಗಲಿಲ್ಲ. ಅಂಗಡಿ ಚೀಸೂ ತಿಂದೆ. ಗಿಣ್ಣಿದೆಯಾ? ಹಸು ಯಾವುದಾದ್ರೂ...”

ಹಸುವೇ ಇಲ್ಲ ಎಂಬ ಮಾತು ಕೆಂಪಕ್ಕನ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು.

“ನಾಳೆ ಮಧ್ಯಾಹ್ನ ಮನೀಗ್ ಬಾ,” ಎಂದಳು. “ಡಬ್ಬಿ ಇಲ್ಲೇ ಇರ್ಲಿ.”

ಮರುದಿನ ಬೆಳಗಿನ ಮೊದಲ ಬಸ್ಸು ಹತ್ತಿ ಕೋಣನಕುಂಟೆಯಲ್ಲಿ ಇಳಿದು ಕೆಂಪಕ್ಕ ವಸಂತಪುರಕ್ಕೆ ನಡೆದಳು. ಸೆರಗಿನೊಳಗೆ ಡಬ್ಬಿ, ಬಾಳೆಎಲೆಯಲ್ಲಿ ಸುತ್ತಿದ ಅಕ್ಕಿ ಬೆಲ್ಲ. ಬೆರಳ ಗೆಣ್ಣಿನ ಮೇಲೆ ಎಣಿಸುತ್ತ ಬಂದಳು. ಬೆಳ್ಳಿಗೆ ಈ ವಾರವೇ ದಿನ ತುಂಬಬೇಕು. ಇನ್ನೂ ಈಯದಿದ್ದರೆ? ಆಗಲೇ ಈದು ಐದಾರು ದಿನವಾಗಿದ್ದರೆ? ಅದಕ್ಕಿಂತ ದೊಡ್ಡ ಭಯ ಬೇರೆ: ಇಷ್ಟು ವರ್ಷ ನೂರಾರು ಮನೆಗೆ ಗಿಣ್ಣು ಕೊಟ್ಟ ಕೈ, ಒಂದೇ ಒಂದು ಸಲ ಯಾರ ಬಾಗಿಲಲ್ಲೂ ಕೇಳಿದ್ದಿಲ್ಲ. ಕೇಳುವ ಹಾಗೂ ಇಲ್ಲ.

ತಿಮ್ಮರಾಯಪ್ಪನ ಕೊಟ್ಟಿಗೆ ರಸ್ತೆಗೇ ಕಾಣುತ್ತಿತ್ತು. ಬೆಳ್ಳಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಲು ಇನ್ನೂ ಕಲಿಯುತ್ತಿದ್ದ ಕರುವೊಂದಿತ್ತು. ಬೆಳ್ಳಿ ಕತ್ತೆತ್ತಿ, ಮೂಗರಳಿಸಿ, ಅಂಬಾ ಎಂದಿತು. ಕೆಂಪಕ್ಕನ ಕೈಯ ಬೆಲ್ಲವನ್ನು ಬಿಟ್ಟು ಮೊಣಕೈವರೆಗೂ ನೆಕ್ಕಿತು. ಮುಖ ನೋಡಬಾರದು ಎಂದದ್ದು ಇದಕ್ಕೇ ಎಂದುಕೊಂಡು ಅದರ ಕೊರಳಡಿಯ ಗಂಗೆದೊಗಲಿಗೆ ಹಣೆಯಿಟ್ಟು ಅತ್ತುಬಿಟ್ಟಳು.

ತಿಮ್ಮರಾಯಪ್ಪನ ಹೆಂಡತಿ ತಿಮ್ಮಕ್ಕ ಹೊರಗೆ ಬಂದಳು. “ಯಾರು... ಓ, ಸಾರಕ್ಕಿ ಅಕ್ಕ! ನಿನ್ನೆ ಬೆಳಿಗ್ಗೆ ಈದ್ಲು ಕಣಕ್ಕ, ಹೆಣ್ಣು ಕರು. ನಿಮಗ್ ಏಳಿಕಳಿಸ್ಬೇಕು ಅಂತಿದ್ವಿ.” ಅಷ್ಟರಲ್ಲಿ ಅವಳ ಕಣ್ಣು ಸೆರಗಿನಡಿಯಿಂದ ಇಣುಕುತ್ತಿದ್ದ ಡಬ್ಬಿಯ ಮೇಲೆ ಬಿತ್ತು. ಕೇಳುವ ಮೊದಲೇ ಅರ್ಥವಾಗುವುದು ಹಸು ಕಟ್ಟಿದವರಿಗೆ ಮಾತ್ರ. ಅವಳು ಒಳಗೆ ಹೋಗಿ ಹಾಲಿನ ಪಾತ್ರೆ, ಸೌಟು ತಂದಳು. ಡಬ್ಬಿಯನ್ನು ತಾನೇ ಎಳೆದುಕೊಂಡು ಮುಚ್ಚಳ ತೆಗೆದಳು.

“ಯಾವ ಮನೆಗೆ?” ಎಂದಳು.

ಪದ್ಧತಿಯ ಮಾತು, ಕೆಂಪಕ್ಕನೇ ಸಾವಿರ ಸಲ ಕೇಳಿದ್ದು. ಬೈರಣ್ಣನ ಮನೆಗೆ ಎಂದಿದ್ದರೆ ಮುಗಿಯುತ್ತಿತ್ತು. ಹಾಗನ್ನದೆ ಕರುವಿನ ಬೆನ್ನು ಸವರುತ್ತ ನಿಂತಳು.

ತಿಮ್ಮಕ್ಕ ಸೌಟು ಹಿಡಿದೇ ಕಾದಳು. “ಇಬ್ರಿಗೋಸ್ಕರ ಇಷ್ಟು ದೂರ ಬಂದ್ರಾ? ಮನೀಗ್ ಯಾರಾದ್ರೂ ಬಂದವ್ರಾ ಅಕ್ಕ?”

“ಹೂಂ,” ಎಂದಳು ಕೆಂಪಕ್ಕ. “ನಮ್ಮನೆಗೇ ಹಾಕವ್ವಾ. ಮಗಳು ಬಂದವ್ಳೆ.”

ಆ ಮಾತು ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಮೊದಲ ಸಲ ಬಂದದ್ದು. ತಿಮ್ಮಕ್ಕನಿಗೆ ಅದೇನು ಗೊತ್ತು. “ಅಂಗಾದ್ರೆ ಇನ್ನೊಂದ್ ಸೌಟು ಇರ್ಲಿ,” ಎಂದು ಡಬ್ಬಿ ತುಂಬ ಹಾಕಿ, ಒಳಗಿನಿಂದ ಒಣಮೆಣಸಿನಕಾಯಿ ತಂದು ಮೇಲಿಟ್ಟಳು.

ಮನೆಗೆ ಬಂದು ಕೆಂಪಕ್ಕ ಮೆಣಸಿನಕಾಯಿಯನ್ನು ಬಿಸಿಲಿಗೆ ತೆಗೆದಿಟ್ಟು, ಉಪ್ಪು ಹಾಕಿ ಡಬ್ಬಿಯನ್ನು ಹಬೆಗಿಟ್ಟಳು. ಬೇಕೆಂದೇ ಒಲೆಗೆ ಎರಡು ಸೌದೆ ಹೆಚ್ಚಿಗೆ ತುರುಕಿದಳು. ನೋಡಿದ ಬೈರಣ್ಣ ಇನ್ನೊಂದು ಸೌದೆ ತಂದುಕೊಟ್ಟ.

ಮಧ್ಯಾಹ್ನ ಬಂದ ನೀಲು ಅಡುಗೆಮನೆಯ ನೆಲದ ಮೇಲೆ ಸೀರೆ ಮುದುರಿಕೊಂಡು ಕೂತಳು. ಮುಚ್ಚಳ ತೆಗೆದು ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಮೆಣಸಿನಕಾಯಿಯನ್ನು ಕೈಯಲ್ಲೇ ಪುಡಿ ಮಾಡಿ ಉದುರಿಸಿ, ಬ್ರೆಡ್ಡಿನ ನಡುವೆ ಇಟ್ಟು ಕಚ್ಚಿದಳು. ಕಣ್ಣಲ್ಲಿ ನೀರು ಬಂತು.

“ಹಸು ಎಲ್ಲಿದೆ? ಕೊಟ್ಟಿಗೇಲಿ ಕಾಣ್ಲಿಲ್ಲ?”

“ಹಸ ಎಲ್ಲವ್ವಾ,” ಎಂದ ಬೈರಣ್ಣ, ಹೆಂಡತಿ ಕಣ್ಣು ಬಿಡುತ್ತಿದ್ದರೂ ಲೆಕ್ಕಿಸದೆ. “ಮಾರಿ ನಾಕ್ ತಿಂಗ್ಳಾಯ್ತು. ಹೊತ್ತು ಮೂಡೋಕ್ ಮುಂಚೆ ವಸಂತಪುರಕ್ಕೆ ಹೋಗಿ ಹಾಕಿಸ್ಕೊಂಡ್ ಬಂದವ್ಳೆ.”

ನೀಲು ಟೋಸ್ಟನ್ನು ಎರಡಾಗಿ ಮುರಿದಳು. ಒಂದನ್ನು ಕೆಂಪಕ್ಕನ ಬಾಯಿಯ ಹತ್ತಿರ ಹಿಡಿದಳು.

“ನೀನೂ ತಿನ್ನು,” ಎಂದಳು.

ಕೆಂಪಕ್ಕ ತಿಂದಳು. ಖಾರ ನೆತ್ತಿಗೇರಿತು ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಯಾರೂ ನಂಬಲಿಲ್ಲ.

ಬಸ್ ಸ್ಟಾಪಿನವರೆಗೂ ಜೊತೆಗೆ ಹೋದಳು. ಉಳಿದ ಗಿಣ್ಣನ್ನು ಡಬ್ಬಿಯಲ್ಲೇ ಮುಚ್ಚಿ, ಮೇಲೊಂದು ಬಟ್ಟೆ ಕಟ್ಟಿ, ನೀಲುವಿನ ಚೀಲದಲ್ಲಿ ಬಟ್ಟೆಬರೆಯ ನಡುವೆ ಅಲುಗದ ಹಾಗೆ ಇಟ್ಟಿದ್ದಳು. ಕೆಲಸ ಸಿಕ್ಕರೆ ಯಾವ ಊರಿಗೆ ಹಾಕುತ್ತಾರೋ, ಈ ಊರಿಗಂತೂ ಹಾಕುವುದು ಅನುಮಾನ ಎಂದು ನೀಲು ಹೇಳಿದಳು. ಬಸ್ಸು ತಿರುವಿನಲ್ಲಿ ಕಾಣಿಸಿತು.

“ಡಬ್ಬಿ ಯಾವಾಗ ಕೊಡ್ಲಿ ಕೆಂಪಕ್ಕಾ?”

ಕೆಂಪಕ್ಕ ಅವಳ ಕೆನ್ನೆ ಹಿಡಿದಳು.

“ಡಬ್ಬಿ ಮರ್ತ್ರೂ ಮರಿ ಕಣೇ,” ಎಂದಳು. “ನೀನ್ ಬಾ.”